ನಲ್ಲಿ ಬಂತು, ಕೆರೆ ಅನಾಥವಾಯಿತು

ಜಯನಗರದ ಮನೆಯೊಂದರಲ್ಲಿ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬರುವುದು ಕಾವೇರಿ ನೀರು. ಸುಮಾರು ನೂರು ಕಿಲೋಮೀಟರ್ ದೂರದಿಂದ ಬಂದ ನೀರು ಅದು. ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಿನ ಬಲದಿಂದ ಮೇಲೇರಿ, ಕನಕಪುರ ರಸ್ತೆಯ ಗುಂಟ ಕೊಳವೆಗಳಲ್ಲಿ ಹರಿದು ಊರು ಸೇರುತ್ತದೆ. ನದಿಯ ಮಟ್ಟದಿಂದ ಬೆಂಗಳೂರಿನ ಮಟ್ಟಕ್ಕೆ ಸುಮಾರು 500 ಮೀಟರ್ ಏರು. ಇಷ್ಟು ಕಷ್ಟಪಟ್ಟು ಬಂದ ನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆದು, ಪಾತ್ರೆ ತೊಳೆದು ಬಚ್ಚಲಿಗೆ ಬಿಡುತ್ತೇವೆ. ಆಮೇಲೆ ಆ ನೀರು ಎಲ್ಲಿಗೆ ಹೋಗುತ್ತದೆ?

ಕಾವೇರಿಯಿಂದ ಬಂದದ್ದು ಕಾವೇರಿಗೇ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅರ್ಧ ಮಾತ್ರ ನಿಜ. ಬಸವನಗುಡಿ, ಬನಶಂಕರಿಗಳ ದಿಬ್ಬ ಒಂದು ಮನೆಯ ಮಾಳಿಗೆಯ ಹಾಗೆ ಎರಡೂ ಕಡೆಗೆ ಇಳಿಜಾರಾಗಿದೆ. ಪಶ್ಚಿಮದ ಇಳಿಜಾರಿನ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಪೂರ್ವದ ಇಳಿಜಾರಿನ ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ನೀರಿನ ದಾರಿ ಬೇರೆ. ಅದು ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ ಹೋಗುತ್ತದೆ. ಒಂದು ನದಿಯ ನೀರನ್ನು ಇನ್ನೊಂದು ನದಿಗೆ ಹರಿಸಬೇಕೆಂದು ಯಾವ ಎಂಜಿನಿಯರೂ ನಕ್ಷೆ ಬರೆಯಲಿಲ್ಲ, ಯಾವ ಸರ್ಕಾರವೂ ಆದೇಶ ಹೊರಡಿಸಲಿಲ್ಲ. ಊರಿಗೆ ಕುಡಿಯುವ ನೀರು ಕೊಡಬೇಕು ಎಂಬ ಒಂದೇ ಒಂದು ಒಳ್ಳೆಯ ನಿರ್ಧಾರದ ಬಾಲ ಹಿಡಿದು ಇದು ತಾನಾಗಿ ಬಂತು.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಗಾದೆ ನಮ್ಮಲ್ಲಿದೆ. ಕೆಲಸ ಬಾರದವನನ್ನು ಕುರಿತ ಗಾದೆ ಅದು. ಇಲ್ಲಿ ಹೇಳಹೊರಟಿರುವ ಕಥೆಗೆ ಅದು ಸರಿಯಾಗಿ ಹೊಂದುವುದಿಲ್ಲ. ಇಲ್ಲಿ ಗಣಪತಿಯೇನೋ ಸೊಗಸಾಗಿಯೇ ಆಯಿತು. ಆದರೆ ಮಣ್ಣು ತೆಗೆದ ಜಾಗದಲ್ಲಿ ಒಂದು ಹಳ್ಳ ಬಿತ್ತು. ಆ ಹಳ್ಳವನ್ನು ನೋಡಲು ನಮಗೆ ನೂರು ವರ್ಷ ಹಿಡಿಯಿತು.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕೆ. ಮರ್ಟನ್ 1936ರಲ್ಲಿ ಇಂಥ ಪ್ರಸಂಗಗಳ ಮೇಲೆ ಒಂದು ಪ್ರಬಂಧ ಬರೆದರು. ಮನುಷ್ಯ ಉದ್ದೇಶಪೂರ್ವಕವಾಗಿ ಮಾಡಿದ ಕೆಲಸದಿಂದ ಅವನು ನಿರೀಕ್ಷಿಸದ ಫಲಗಳು ಏಕೆ ಹುಟ್ಟುತ್ತವೆ ಎಂಬುದು ಅವರ ಪ್ರಶ್ನೆ. ಅವರು ಕೊಟ್ಟ ಕಾರಣಗಳಲ್ಲಿ ಅಜ್ಞಾನವಿದೆ, ತಪ್ಪು ತಿಳಿವಳಿಕೆಯಿದೆ. ಜೊತೆಗೆ ಇನ್ನೊಂದು ಮುಖ್ಯ ಕಾರಣವೂ ಇದೆ: ಕಣ್ಣೆದುರಿನ ಅಗತ್ಯದ ತುರ್ತು ಎಷ್ಟಿರುತ್ತದೆಂದರೆ ಅದರಾಚೆಗಿನದನ್ನು ಯೋಚಿಸಲು ಮನಸ್ಸು ಒಪ್ಪುವುದಿಲ್ಲ. ಬೆಂಗಳೂರಿನ ನೀರಿನ ಇತಿಹಾಸವನ್ನು ಓದುವಾಗ ಈ ಮೂರನೆಯ ಕಾರಣ ಮತ್ತೆ ಮತ್ತೆ ಎದುರಾಗುತ್ತದೆ.

ಕೆರೆಗೆ ಇದ್ದ ಜನ

ಬೆಂಗಳೂರಿನ ಪಕ್ಕ ದೊಡ್ಡ ನದಿಯಿಲ್ಲ. ಇರುವುದು ಏರಿಳಿತದ ನೆಲ, ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. ಆದ್ದರಿಂದ ಹಿಂದಿನವರು ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಮಳೆನೀರು ನಿಲ್ಲಿಸಿದರು. ಒಂದು ಕೆರೆಯ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ, ಅದೂ ತುಂಬಿದರೆ ಅದರ ಕೆಳಗಿನದಕ್ಕೆ. ಇದು ಕೆಂಪೇಗೌಡನಿಗಿಂತ ಬಹಳ ಹಳೆಯ ವಿದ್ಯೆ. ಅಗರದಲ್ಲಿ ಸಿಕ್ಕಿರುವ ಒಂಬತ್ತನೆಯ ಶತಮಾನದ ಗಂಗರ ಕಾಲದ ಶಾಸನದಲ್ಲಿ ಕೆರೆಗಳಿಗೆ ತೂಬು ಇಡಿಸಿದ, ಹೊಸ ಕೆರೆ ಕಟ್ಟಿಸಿದ ಮಾತಿದೆ. ಇಂದು ಹೊರವರ್ತುಲ ರಸ್ತೆಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ಅಗರ ಕೆರೆಯನ್ನು ನೋಡುವವರು ಸಾವಿರ ವರ್ಷಕ್ಕೂ ಹಿಂದಿನ ಒಂದು ನೀರಾವರಿ ಸೀಮೆಯ ಪಕ್ಕದಲ್ಲಿ ನಿಂತಿರುತ್ತಾರೆ.

ದಕ್ಷಿಣ ಬೆಂಗಳೂರಿನ ಹೆಸರುಗಳಲ್ಲೇ ಈ ಸೀಮೆ ಅಡಗಿದೆ. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು. ನಡುವಿನ ಅಕ್ಷರ ತಾವರೆ ಅರಳುತ್ತಿದ್ದ ಒಂದು ಕೆರೆಯದು. ಮೊದಲನೆಯದರಲ್ಲಿರುವ ‘ಸಂದ್ರ’ ಸಮುದ್ರದ ಸವೆದ ರೂಪ. ದೊಡ್ಡ ಕೆರೆಯನ್ನು ಸಮುದ್ರ ಎನ್ನುವುದು ನಮ್ಮ ಹಿರಿಯರ ರೂಢಿ. ಬಸ್ಸಿನ ಬೋರ್ಡಿನಲ್ಲಿ ಮೂರು ಅಕ್ಷರ ಓದುವ ನಾವು ಗೊತ್ತಿಲ್ಲದೆಯೇ ಕೆರೆಗಳ ಹೆಸರು ಹೇಳುತ್ತಿರುತ್ತೇವೆ.

ಕೆರೆಯೆಂದರೆ ನೀರು ನಿಂತ ಜಾಗವಷ್ಟೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕೆರೆಗೆ ಜನ ಇದ್ದರು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವ ನೀರುಗಂಟಿ ಇದ್ದ. ಬೇಸಿಗೆಯಲ್ಲಿ ಹೂಳೆತ್ತಿ ಆ ಮಣ್ಣನ್ನು ಹೊಲಕ್ಕೆ ಹಾಕಿಕೊಳ್ಳುವ ರೈತರಿದ್ದರು. ಏರಿಯಲ್ಲಿ ಬಿರುಕು ಕಂಡರೆ ಊರಿಗೆ ಸುದ್ದಿ ಮುಟ್ಟಿಸುವ ದನಗಾಹಿಗಳು, ಬಟ್ಟೆ ಒಗೆಯುವ ಮಡಿವಾಳರು, ಮೀನು ಹಿಡಿಯುವವರು, ಜೇಡಿಮಣ್ಣು ಒಯ್ಯುವ ಕುಂಬಾರರು ಇದ್ದರು. ಕೆರೆ ಒಡೆದರೆ ಇವರೆಲ್ಲರ ಹೊಟ್ಟೆಗೂ ಏಟು. ಆದ್ದರಿಂದಲೇ ಕೆರೆ ಉಳಿಯುತ್ತಿತ್ತು. ಅದಕ್ಕೆ ಬೇರೆ ಇಲಾಖೆ ಬೇಕಿರಲಿಲ್ಲ.

ಹಾಗೆಂದು ಆ ಕಾಲವನ್ನು ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ. ಕುಡಿಯುವುದಕ್ಕೂ ದನ ತೊಳೆಯುವುದಕ್ಕೂ ಒಂದೇ ಕೆರೆಯಾದರೆ ಕಾಲರಾಕ್ಕೆ ಬಾಗಿಲು ತೆರೆದಂತೆ. ಯಾವ ಬಾವಿಯಿಂದ ಯಾರು ನೀರು ಸೇದಬಹುದು, ಯಾರು ದೂರ ನಿಲ್ಲಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಬಿಂದಿಗೆ ಹೊತ್ತು ಸೊಂಟ ನೋಯಿಸಿಕೊಂಡವರು ಹೆಂಗಸರು. ಕೊಳವೆ ನೀರು ಬರಲಿ ಎಂದು ಬಯಸಿದವರು ಪ್ರಕೃತಿದ್ವೇಷಿಗಳೇನೂ ಆಗಿರಲಿಲ್ಲ.

ಹೆಸರಘಟ್ಟದಿಂದ ಬಂದ ಕೊಳವೆ

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿ ನದಿಯ ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ತರುವ ಯೋಜನೆ ಕೈಗೂಡಿತು. ಮಹಾರಾಜರ ಹೆಸರಿನಲ್ಲಿ ಅದನ್ನು ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಕರೆದರು. ನಾಲ್ಕೇ ವರ್ಷದಲ್ಲಿ, 1898ರಲ್ಲಿ, ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟು ಬಯಲಿಗೆ ಓಡಿದರು. ಗಾಳಿ ಬೆಳಕಿನ ಅಗಲ ಬೀದಿಗಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭಯದ ನೆರಳಿನಲ್ಲಿ. ಒಳ್ಳೆಯ ನೀರು, ನೇರ ರಸ್ತೆ, ಮುಚ್ಚಿದ ಚರಂಡಿ ಇದ್ದರೆ ರೋಗವಿಲ್ಲ ಎಂಬ ನಂಬಿಕೆ ಆಗ ಗಟ್ಟಿಯಾಯಿತು. ಅದು ಸರಿಯಾದ ನಂಬಿಕೆಯೇ ಆಗಿತ್ತು.

1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಸೊರಗಿತು. ಸರ್ ಎಂ. ವಿಶ್ವೇಶ್ವರಯ್ಯನವರ ಮಾರ್ಗದರ್ಶನದಲ್ಲಿ ಇನ್ನೂ ದೊಡ್ಡ ಜಲಾಶಯ ತಿಪ್ಪಗೊಂಡನಹಳ್ಳಿಯಲ್ಲಿ ಎದ್ದಿತು. ಅರ್ಕಾವತಿ, ಕುಮುದ್ವತಿ ಸೇರುವಲ್ಲಿ ಕಟ್ಟಿದ ಇದು 1933ರಲ್ಲಿ ಪೂರ್ಣಗೊಂಡಿತು.

ಹೀಗೆ ನೀರು ದೂರದಿಂದ ಬರತೊಡಗಿದಂತೆ ಊರೊಳಗಿನ ಕೆರೆಗೆ ಕೆಲಸವಿಲ್ಲದಾಯಿತು. ಕೆಲಸವಿಲ್ಲದ ಕೆರೆ ನಗರದ ಲೆಕ್ಕದಲ್ಲಿ ಖಾಲಿ ಜಾಗ. ಜೊತೆಗೆ ಮಲೇರಿಯಾದ ಹೆದರಿಕೆ ಬೇರೆ: ನಿಂತ ನೀರೆಂದರೆ ಸೊಳ್ಳೆ, ಸೊಳ್ಳೆಯೆಂದರೆ ಜ್ವರ. ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಸಂಪ್ರದಾಯಕ್ಕೆಂದು ಅಲ್ಲಿ ಉಳಿದದ್ದು ಒಂದು ಪುಟ್ಟ ಕೊಳ ಮಾತ್ರ. ಬಸವನಗುಡಿಯ ಕಾರಂಜಿ ಕೆರೆ ಹೆಸರಿನಲ್ಲಷ್ಟೇ ಉಳಿಯಿತು. 1997ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಕೋರಮಂಗಲದ ಕೆರೆಯಂಗಳದಲ್ಲಿ ಕ್ರೀಡಾಗ್ರಾಮದ ಮನೆಗಳೆದ್ದವು. ಬಸ್ ನಿಲ್ದಾಣ, ಕ್ರೀಡಾಂಗಣ, ಮನೆ, ಎಲ್ಲವೂ ಊರಿಗೆ ಬೇಕಾದವೇ. ಒಂದೊಂದು ತೀರ್ಮಾನವನ್ನೂ ಬಿಡಿಯಾಗಿ ತೆಗೆದು ನೋಡಿದರೆ ತಪ್ಪು ಹುಡುಕುವುದು ಕಷ್ಟ. ಆದರೆ ಕೆರೆಗಳು ಬಿಡಿಬಿಡಿಯಾಗಿರಲಿಲ್ಲ, ಸರಪಣಿಯಾಗಿದ್ದವು. ಸರಪಣಿಯ ಒಂದು ಕೊಂಡಿ ಕಳಚಿದರೆ ಉಳಿದ ಕೊಂಡಿಗಳಿಗೂ ಅರ್ಥವಿರುವುದಿಲ್ಲ.

ಮಾದರಿ ಬಡಾವಣೆ

ಬೆಂಗಳೂರು ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಹುಟ್ಟಿದ್ದು 1945ರಲ್ಲಿ. ಮೂರು ವರ್ಷದ ಬಳಿಕ, 1948ರಲ್ಲಿ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಸ್ವಾತಂತ್ರ್ಯ ಬಂದ ಮರುವರ್ಷದ ಉತ್ಸಾಹವೆಲ್ಲ ಆ ನಕ್ಷೆಯಲ್ಲಿದೆ. ಬ್ಲಾಕುಗಳು, ಮುಖ್ಯರಸ್ತೆ, ಅಡ್ಡರಸ್ತೆ, ಮೂವತ್ತು-ನಲವತ್ತು, ನಲವತ್ತು-ಅರವತ್ತರ ನಿವೇಶನಗಳು, ಅಲ್ಲಲ್ಲಿ ಪಾರ್ಕು, ಸಾಲುಮರ, ಮಧ್ಯೆ ನಾಲ್ಕನೇ ಬ್ಲಾಕಿನ ಮಾರುಕಟ್ಟೆ. ಒಬ್ಬ ಗುಮಾಸ್ತ, ಒಬ್ಬ ಮೇಷ್ಟ್ರು ತಮ್ಮ ಸಂಬಳದಲ್ಲಿ ಸ್ವಂತ ಮನೆ ಕಟ್ಟಬಹುದು ಎಂಬ ಭರವಸೆಯನ್ನು ಈ ಬಡಾವಣೆ ಒಂದು ತಲೆಮಾರಿಗೆ ಕೊಟ್ಟಿತು. ಬನಶಂಕರಿ, ಸಾರಕ್ಕಿಯ ಸೀಮೆಯಲ್ಲಿ ಜಯಪ್ರಕಾಶ ನಾರಾಯಣರ ಹೆಸರು ಹೊತ್ತ ಜೆ.ಪಿ. ನಗರ, ಬಿ.ಟಿ.ಎಂ., ಎಲ್ಲವೂ ಜಯನಗರದ ತಮ್ಮಂದಿರೇ.

ಈ ನಕ್ಷೆಗೆ ಬೇಕಾದ ಜಮೀನು ಬಂದದ್ದು ಯಡಿಯೂರು, ಬೈರಸಂದ್ರದಂಥ ಹಳ್ಳಿಗಳಿಂದ. ಗದ್ದೆ, ತೋಟ, ರಾಗಿ ಹೊಲಗಳನ್ನು ಸ್ವಾಧೀನಕ್ಕೆ ತೆಗೆದುಕೊಂಡು ರೈತರಿಗೆ ಪರಿಹಾರ ಕೊಡಲಾಯಿತು. ಸಾಮಾನ್ಯವಾಗಿ ಕೆರೆಯನ್ನು ಕೆರೆಯೆಂದೇ ಕಾಗದದಲ್ಲಿ ಬಿಡಲಾಯಿತು. ನಕ್ಷೆ ಬರೆದವರು ಪ್ರಾಮಾಣಿಕರೇ. ಅವರ ಕಣ್ಣಿಗೆ ಬೀಳದೆ ಹೋದದ್ದು ಒಂದೇ ಒಂದು ಸಂಗತಿ: ಕೆರೆ ಉಳಿದರೂ ಅದರ ಅಚ್ಚುಕಟ್ಟು ಹೋಯಿತು. ಗದ್ದೆಯಿಲ್ಲದ ಮೇಲೆ ತೂಬು ಯಾರಿಗೆ ಬೇಕು? ತೂಬು ಬೇಡವಾದ ಮೇಲೆ ನೀರುಗಂಟಿಗೆ ಏನು ಕೆಲಸ? ರಸಗೊಬ್ಬರವೂ ಬೇಡ, ಕೆರೆಮಣ್ಣೂ ಬೇಡ ಎಂಬ ಸಿಮೆಂಟಿನ ಅಂಗಳದಲ್ಲಿ ಹೂಳೆತ್ತುವವರು ಯಾರು? ಹೊಸದಾಗಿ ಬಂದ ನಿವಾಸಿಗಳಿಗೆ ನೀರು ನಲ್ಲಿಯಲ್ಲಿ ಬರುತ್ತಿತ್ತು. ಪಕ್ಕದ ಕೆರೆಗೂ ತಮಗೂ ಅವರು ಕಂಡ ಸಂಬಂಧ ಸೊಳ್ಳೆಯದು ಮಾತ್ರ.

ಹೀಗೆ ಯಾರೂ ಕೆಡವದೆಯೇ ಕೆರೆ ಅನಾಥವಾಯಿತು. ಅನಾಥ ಆಸ್ತಿಗೆ ವಾರಸುದಾರರು ಹುಟ್ಟಿಕೊಳ್ಳಲು ತಡವಾಗುವುದಿಲ್ಲ. ಜೆ.ಪಿ. ನಗರದ ಸಾರಕ್ಕಿ ಕೆರೆಯ ವಿಸ್ತೀರ್ಣ ದಾಖಲೆಯಲ್ಲಿ 80 ಎಕರೆಗೂ ಹೆಚ್ಚು. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಜೆ.ಸಿ.ಬಿ. ತಂದು ಒತ್ತುವರಿ ತೆರವು ಮಾಡಿದಾಗ ಬಿಡಿಸಿಕೊಂಡದ್ದು 30 ಎಕರೆಗೂ ಹೆಚ್ಚು. ಅಲ್ಲಿ ಮನೆಗಳಿದ್ದವು, ಅಪಾರ್ಟ್‌ಮೆಂಟುಗಳಿದ್ದವು. ಸಾಲ ಮಾಡಿ ಕೊಂಡು, ನೋಂದಣಿ ಮಾಡಿಸಿ, ಕಂದಾಯ ಕಟ್ಟಿಕೊಂಡು ಬಂದವರೂ ಅವುಗಳಲ್ಲಿದ್ದರು. ಕೆರೆಗೆ ಆದ ಅನ್ಯಾಯವನ್ನು ಸರಿಪಡಿಸುವ ಹೊತ್ತಿಗೆ ಅದರ ಬೆಲೆಯನ್ನು ತೆತ್ತವರು ಕೊನೆಯಲ್ಲಿ ಬಂದು ಸೇರಿದವರು.

ಚರಂಡಿಯ ಜಾಣತನ

ಬಡಾವಣೆಯ ಇನ್ನೊಂದು ಹೆಮ್ಮೆ ಒಳಚರಂಡಿ. ಮಲ ಹೊರುವ ಅಮಾನುಷ ಪದ್ಧತಿಯನ್ನು ತಪ್ಪಿಸಲು, ರೋಗ ತಡೆಯಲು ಅದಕ್ಕಿಂತ ಒಳ್ಳೆಯ ಉಪಾಯ ಆಗ ಇರಲಿಲ್ಲ. ಕೊಳಚೆ ನೀರನ್ನು ಪಂಪಿಲ್ಲದೆ ಒಯ್ಯಬೇಕಾದರೆ ಇಳಿಜಾರು ಬೇಕು. ಇಳಿಜಾರಿನ ತಳ ಎಂದರೆ ಕಣಿವೆ. ಆದ್ದರಿಂದ ದೊಡ್ಡ ಒಳಚರಂಡಿ ಕೊಳವೆಗಳನ್ನು ರಾಜಕಾಲುವೆಯ ಮಗ್ಗುಲಲ್ಲೇ ಹಾಸಿದರು. ಹಿಂದಿನವರು ಕೆರೆಯಿಂದ ಕೆರೆಗೆ ಮಳೆನೀರು ಹರಿಸಲು ಕಂಡುಕೊಂಡಿದ್ದ ದಾರಿಯೇ ಕೊಳಚೆಗೂ ದಾರಿಯಾಯಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಜಾಣ ಯೋಜನೆ, ಖರ್ಚೂ ಕಡಿಮೆ.

ಆದರೆ ಒಂದು ಮಹಡಿಯ ಮನೆಗಳಿಗೆಂದು ಹಾಕಿದ ಕೊಳವೆಗೆ ನಾಲ್ಕು ಮಹಡಿಯ ನೀರು ಬಂದು ಸೇರಿತು. ಕೊಳವೆ ಕಟ್ಟಿಕೊಂಡಾಗ, ಒಡೆದಾಗ, ತುಂಬಿ ಉಕ್ಕಿದಾಗ ಕೊಳಚೆ ಪಕ್ಕದ ರಾಜಕಾಲುವೆಗೇ ಬಿತ್ತು. ರಾಜಕಾಲುವೆ ಅದನ್ನು ನಿಷ್ಠೆಯಿಂದ ಕೆರೆಗೆ ತಲುಪಿಸಿತು. ಮಳೆ ಬಂದ ದಿನ ಇದರ ತಿರುಗುಮುರುಗು ಆಟ: ತಾರಸಿಯ ಮಳೆನೀರನ್ನು ಬೀದಿಗೆ ಬಿಡುವ ಬದಲು ಎಷ್ಟೋ ಮನೆಗಳವರು ಒಳಚರಂಡಿಗೇ ಜೋಡಿಸಿದ್ದಾರೆ. ಆಗ ರಸ್ತೆಯ ನಡುವೆ ಮ್ಯಾನ್‌ಹೋಲಿನ ಮುಚ್ಚಳ ಎದ್ದು ಕುಣಿಯುತ್ತದೆ. ಮಳೆನೀರಿನ ಕಾಲುವೆಯಲ್ಲಿ ಕೊಳಚೆ, ಕೊಳಚೆಯ ಕೊಳವೆಯಲ್ಲಿ ಮಳೆನೀರು.

ಇದು ಬೆಂಗಳೂರಿಗೆ ಮಾತ್ರ ಬಂದ ಗತಿಯಲ್ಲ. ಲಂಡನ್ನಿನಲ್ಲಿ 1840ರ ದಶಕದಲ್ಲಿ ಎಡ್ವಿನ್ ಚಾಡ್ವಿಕ್ ಎಂಬ ಆರೋಗ್ಯ ಸುಧಾರಕನಿದ್ದ. ದುರ್ಗಂಧದಿಂದಲೇ ರೋಗ ಹುಟ್ಟುತ್ತದೆ ಎಂಬುದು ಅಂದಿನ ವೈದ್ಯಕೀಯದ ನಂಬಿಕೆ. ಆದ್ದರಿಂದ ಮನೆಗಳ ಕೆಳಗಿದ್ದ ಮಲದ ಗುಂಡಿಗಳನ್ನು ತೊಲಗಿಸಿ, ಎಲ್ಲವನ್ನೂ ಚರಂಡಿಗೆ ತೊಳೆದುಬಿಡುವ ಕಾರ್ಯಕ್ರಮ ಹುರುಪಿನಿಂದ ನಡೆಯಿತು. ಮನೆಗಳು ಸ್ವಚ್ಛವಾದವು. ಚರಂಡಿಗಳು ಹೋಗಿ ಬೀಳುತ್ತಿದ್ದದ್ದು ಥೇಮ್ಸ್ ನದಿಗೆ. ಊರಿನ ಎಷ್ಟೋ ಜನ ಕುಡಿಯುತ್ತಿದ್ದದ್ದೂ ಅದೇ ಥೇಮ್ಸ್ ನೀರು. 1848-49ರ ಕಾಲರಾದಲ್ಲಿ ಲಂಡನ್ನಿನಲ್ಲಿ 14,000ಕ್ಕೂ ಹೆಚ್ಚು ಜನ ಸತ್ತರು. 1858ರ ಬೇಸಿಗೆಯಲ್ಲಿ ನದಿಯ ನಾತ ಪಾರ್ಲಿಮೆಂಟಿನ ಕಿಟಕಿಯೊಳಗೆ ನುಗ್ಗಿದ ಮೇಲೆ ಜೋಸೆಫ್ ಬಜಲ್ಗೆಟ್ ಎಂಬ ಎಂಜಿನಿಯರ್ ಹೊಸ ಒಳಚರಂಡಿ ಜಾಲ ಕಟ್ಟಲು ಹಣ ಸಿಕ್ಕಿತು. ಆತ ಊರನ್ನು ಉಳಿಸಿದ. ಕೊಳಚೆ ಮಾತ್ರ ಮಾಯವಾಗಲಿಲ್ಲ, ನದಿಯ ಕೆಳಭಾಗಕ್ಕೆ ಹೋಯಿತು. ಮುಂದೆ ಅಲ್ಲಿಯೂ ಅದನ್ನು ಶುದ್ಧಗೊಳಿಸಲೇಬೇಕಾಯಿತು. ಮೇಲಿನವರ ಸ್ವಚ್ಛತೆ ಕೆಳಗಿನವರ ಸಂಕಟವಾಗುವುದು ನೀರಿನ ಚರಿತ್ರೆಯಲ್ಲಿ ಹಳೆಯ ಮಾತು.

ಕಾವೇರಿ ಬಂದ ಮೇಲೆ

1964ರಲ್ಲಿ ಬೆಂಗಳೂರು ಜಲಮಂಡಳಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಊರಿಗೆ ಬಂತು, ದಿನಕ್ಕೆ 13.5 ಕೋಟಿ ಲೀಟರ್. ಅದು ನಿಜಕ್ಕೂ ಹಬ್ಬದ ದಿನವೇ. ಮುಂದೆ 1982ರಲ್ಲಿ ಎರಡನೆಯದು, ತೊಂಬತ್ತರ ದಶಕದಲ್ಲಿ ಮೂರನೆಯದು, 2002 ಮತ್ತು 2012ರಲ್ಲಿ ನಾಲ್ಕನೆಯದರ ಎರಡು ಭಾಗಗಳು. ಒಟ್ಟು ಸುಮಾರು 145 ಕೋಟಿ ಲೀಟರ್. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಗಿ ಇನ್ನೂ 77.5 ಕೋಟಿ ಲೀಟರಿನ ಸಾಮರ್ಥ್ಯ ಸೇರಿತು.

ಪ್ರತಿ ಹಂತವನ್ನೂ ಕೊರತೆ ನೀಗಿಸಲೆಂದು ಯೋಜಿಸಲಾಯಿತು. ನೀರು ಬಂತು, ನೀರಿನ ಭರವಸೆಯ ಮೇಲೆ ಊರು ಬೆಳೆಯಿತು, ಮತ್ತೆ ಕೊರತೆಯಾಯಿತು. 1971ರಲ್ಲಿ ಸುಮಾರು 16 ಲಕ್ಷವಿದ್ದ ಜನಸಂಖ್ಯೆ 1981ಕ್ಕೆ 29 ಲಕ್ಷವಾಯಿತು, 2011ಕ್ಕೆ 84 ಲಕ್ಷ ದಾಟಿತು. ಇದಕ್ಕೆ ಕಾರ್ಖಾನೆಗಳು, ಕಂಪ್ಯೂಟರ್ ಉದ್ಯಮ, ಎಲ್ಲವೂ ಕಾರಣ. ಆದರೆ ಕಾವೇರಿಯ ಕೊಳವೆ ಇಲ್ಲದಿದ್ದರೆ ಕೆರೆಬಾವಿಗಳ ನೀರಿನಲ್ಲಿ ಇಷ್ಟು ದೊಡ್ಡ ಊರು ನಿಲ್ಲುತ್ತಿರಲಿಲ್ಲ.

ಇನ್ನು ಕೊಳಚೆಯ ಲೆಕ್ಕ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಬೀಳುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಅಂದರೆ ಊರಿಗೆ ನದಿಯೊಂದನ್ನು ತಂದವರು ಊರಿನಿಂದ ಇನ್ನೊಂದು ನದಿ ಹೊರಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು. ತರುವ ಕೊಳವೆಗೆ ಹಣ ಸಿಕ್ಕಷ್ಟು ಬೇಗ ಶುದ್ಧೀಕರಣ ಘಟಕಗಳಿಗೆ ಸಿಗಲಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ಜನ ಬೀದಿಗಿಳಿಯುತ್ತಾರೆ. ಬಚ್ಚಲ ನೀರು ಎಲ್ಲಿಗೆ ಹೋಯಿತೆಂದು ಯಾರೂ ಮೆರವಣಿಗೆ ಮಾಡುವುದಿಲ್ಲ.

ಆ ನೀರು ಹೋದದ್ದು ಬೆಳ್ಳಂದೂರಿಗೆ. ನಮ್ಮ ಬಟ್ಟೆಯ ಸಾಬೂನು ಪುಡಿ ಅಲ್ಲಿ ಕೋಡಿಯ ಬಳಿ ಹಿಮದಂಥ ನೊರೆಯಾಗಿ ಎದ್ದು ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ ಕೆರೆಗೆ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಮತ್ತೆ ಹತ್ತಿದಾಗ ಆರಿಸಲು ಸೈನಿಕರು ಬರಬೇಕಾಯಿತು. ನೀರಿಗೆ ಬೆಂಕಿ ಬಿದ್ದ ಸುದ್ದಿಯನ್ನು ಪ್ರಪಂಚವೆಲ್ಲ ಓದಿತು. ಅತ್ತ ಪಶ್ಚಿಮದಲ್ಲಿ, ಬಿಡದಿಯ ಬಳಿ ನೀರಾವರಿಗೆಂದು ಕಟ್ಟಿದ ಬೈರಮಂಗಲದ ಜಲಾಶಯಕ್ಕೆ ವೃಷಭಾವತಿಯ ಮೂಲಕ ನಗರದ ಕೊಳಚೆ ಸೇರಿತು. ಅಲ್ಲಿನ ರೈತರು ಅದೇ ನೀರಿನಲ್ಲಿ ಬೇಸಾಯ ಮಾಡಬೇಕಾಯಿತು. ತಿಪ್ಪಗೊಂಡನಹಳ್ಳಿಯ ಗತಿಯೂ ಚೆನ್ನಾಗಿರಲಿಲ್ಲ. ಮೇಲ್ಭಾಗದ ಹರಿವು ಕುಗ್ಗಿ, ನೀರು ಕೆಟ್ಟು, 2012ರ ಹೊತ್ತಿಗೆ ಅಲ್ಲಿಂದ ಕುಡಿಯುವ ನೀರು ಬರುವುದೇ ನಿಂತಿತು.

ಈ ಕಥೆಗೆ ನ್ಯಾಯಾಲಯದ ಅಧ್ಯಾಯವೂ ಒಂದಿದೆ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟಾಗ ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಹಿಡಿದು ನೀರಿನ ಪಾಲು ನಿಗದಿಮಾಡಿತು. ನಲ್ಲಿ ಎಲ್ಲರಿಗೂ ಒಂದೇ ಆದರೂ ದಿಬ್ಬದ ಆಚೆಯವರು ಕಾವೇರಿಯ ಮಕ್ಕಳು, ಈಚೆಯವರು ಹೊರಗಿನವರು! ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರಂದು ಇಡೀ ನಗರದ ಕುಡಿಯುವ ನೀರಿನ ಅಗತ್ಯವನ್ನು ಪರಿಗಣಿಸಿ, ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿ.ಎಂ.ಸಿ. ನೀರಿನಲ್ಲಿ 4.75 ಟಿ.ಎಂ.ಸಿ.ಯನ್ನು ಬೆಂಗಳೂರಿಗೆಂದೇ ಇಟ್ಟಿತು. ನೆಲದ ಇಳಿಜಾರು ಕಾನೂನಿನ ಪುಸ್ತಕಕ್ಕೂ ಏರಬಹುದೆಂದು 1948ರ ನಕ್ಷೆಗಾರರಿಗೆ ಹೊಳೆದಿರಲಾರದು.

ಅದೇ 2018ರಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ಬರಗಾಲದ ಕೋಲಾರದ ಕಡೆಯ 126 ಕೆರೆಗಳಿಗೆ ತುಂಬಿಸುವ ಯೋಜನೆ. ಜಯನಗರದಲ್ಲಿ ಸ್ನಾನ ಮಾಡಿದ ಕಾವೇರಿ ಈಗ ಕೋಲಾರದ ಅಂತರ್ಜಲ. ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ಕಂಡು ರೈತರು ಸಂತೋಷಪಟ್ಟರು. ಬತ್ತಿದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬಂತು ಎಂದರು. ಇನ್ನು ಕೆಲವರು, ಮೂರನೆಯ ಹಂತದ ಶುದ್ಧೀಕರಣವಿಲ್ಲದ ನೀರು ಬಾವಿಗೆ ಇಳಿದರೆ ಏನಾಗುತ್ತದೆ ಎಂದು ಕೇಳಿ ನ್ಯಾಯಾಲಯದ ಮೆಟ್ಟಿಲೇರಿದರು. ಇಬ್ಬರ ಮಾತಿನಲ್ಲೂ ತಥ್ಯವಿದೆ. ಅನಿರೀಕ್ಷಿತ ಫಲವೆಂದರೆ ಯಾವಾಗಲೂ ಕೆಟ್ಟದ್ದೇ ಎಂದಿಲ್ಲ. ಆದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಲೆಕ್ಕ ಇಡುವವರು ಬೇಕು.

ತಾರಸಿಯ ಮೇಲಿನ ಪಾಠ

2024ರ ಮಾರ್ಚಿನಲ್ಲಿ ಊರಿಗೆ ನೀರಿನ ಬರ ಬಂತು. ಸುಮಾರು 13,900 ಸಾರ್ವಜನಿಕ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರಿಗೆ ಕೆರೆಯ ನೆನಪಾಯಿತು.

ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಸಂಗ್ರಹದ ಥೀಮ್ ಪಾರ್ಕ್ ಇದೆ, ವಿಶ್ವೇಶ್ವರಯ್ಯನವರ ಹೆಸರಿನಲ್ಲಿ. ದೊಡ್ಡ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು ಕಾನೂನು 2009ರಲ್ಲೇ ಕಡ್ಡಾಯ ಮಾಡಿದೆ. ಒಂದು ಲೆಕ್ಕ ಹಾಕಿ ನೋಡಿ. ನಲವತ್ತು-ಅರವತ್ತರ ನಿವೇಶನ ಎಂದರೆ 2,400 ಚದರ ಅಡಿ. ಅದರ ಮೇಲೆ ವರ್ಷಕ್ಕೆ ಬೀಳುವ ಮಳೆ ಎರಡು ಲಕ್ಷ ಲೀಟರಿಗೂ ಮೇಲು. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ ಬೇಕಾಗುವುದೂ ಹೆಚ್ಚು ಕಡಿಮೆ ಅಷ್ಟೇ. ಇಡೀ ಮಳೆಯನ್ನು ಹಿಡಿಯಲಾಗುವುದಿಲ್ಲ ಎಂಬುದು ನಿಜ. ಮಳೆ ಕೆಲವೇ ತಿಂಗಳು ಬರುತ್ತದೆ, ಮನೆಯ ಸಂಪು ಚಿಕ್ಕದು. ಉಳಿದದ್ದನ್ನು ಎಲ್ಲಿಡುವುದು? ಈ ಪ್ರಶ್ನೆಗೆ ಹಿಂದಿನವರು ಕೊಟ್ಟಿದ್ದ ಉತ್ತರವೇ ಕೆರೆ.

ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿ ಆ ಉತ್ತರವನ್ನು ಕೆಲವರು ಮತ್ತೆ ಕಂಡುಕೊಂಡರು. ಒಣಗಿ ಕಸದ ಗುಂಡಿಯಾಗಿದ್ದ ಹದಿಮೂರು ಎಕರೆಯ ಚಿಕ್ಕ ಕೆರೆಯನ್ನು ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡು ನೋಡಿಕೊಳ್ಳತೊಡಗಿದರು. ಮಳೆನೀರಿನ ಕಾಲುವೆಯನ್ನು ಕೆರೆಗೆ ತಿರುಗಿಸಲು ಓಡಾಡಿದರು. ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರೂ ಕೆರೆಗೆ ಬರುವಂತಾಯಿತು. ನೀರು ನಿಂತಿತು, ಹಕ್ಕಿಗಳು ಬಂದವು. ಅಲ್ಲಿ ಮುಖ್ಯವಾದದ್ದು ಬೇಲಿಯೂ ಅಲ್ಲ, ಕಲ್ಲುಬೆಂಚೂ ಅಲ್ಲ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ದಿನವೂ ನೋಡುವ ಜನ ಕೆರೆಗೆ ಮತ್ತೆ ಸಿಕ್ಕರು. ನೀರುಗಂಟಿಯ ಹಳೆಯ ಹುದ್ದೆ ಹೊಸ ರೂಪದಲ್ಲಿ ತುಂಬಿತು.

ಶೇಷಾದ್ರಿ ಅಯ್ಯರ್ ಅವರನ್ನಾಗಲಿ, ಜಯನಗರದ ನಕ್ಷೆ ಬರೆದವರನ್ನಾಗಲಿ ಇಂದು ಕುಳಿತು ದೂಷಿಸುವುದು ಸುಲಭ, ಅದು ಅನ್ಯಾಯವೂ ಹೌದು. ಅವರು ತಮ್ಮೆದುರಿನ ಬಾಯಾರಿಕೆಗೆ, ತಮ್ಮೆದುರಿನ ರೋಗಕ್ಕೆ ಔಷಧ ಹುಡುಕಿದರು, ಹುಡುಕಿದ್ದು ಸಿಕ್ಕಿತು ಕೂಡ. ಅವರು ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಈ ಹೊಸ ಅನುಕೂಲ ಬಂದ ಮೇಲೆ ಹಳೆಯದನ್ನು ಕಾಯುತ್ತಿದ್ದವರು ಏನಾಗುತ್ತಾರೆ? ಆರನೆಯ ಹಂತದ ನೀರಿನ ಮಾತು ಬಂದಾಗ, ಹೊಸ ಬಡಾವಣೆಯ ನಕ್ಷೆ ಮೇಜಿನ ಮೇಲೆ ಬಿಚ್ಚಿದಾಗ ಆ ಪ್ರಶ್ನೆಯನ್ನು ಕೇಳುವ ಅವಕಾಶ ನಮಗಿದೆ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಮಾಡಬಹುದು. ಮುಂದಿನ ಜೋರು ಮಳೆಯ ದಿನ ನಿಮ್ಮ ಮನೆಯ ಗೇಟಿನ ಬಳಿ ನಿಂತು ನೀರು ಯಾವ ಕಡೆಗೆ ಹರಿಯುತ್ತದೆ ನೋಡಿ. ನಿಮ್ಮ ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ, ಅಲ್ಲಿಂದ ಯಾವ ಕಾಲುವೆಗೆ, ಅಲ್ಲಿಂದ ಯಾವ ಕೆರೆಗೆ? ಐವತ್ತು ವರ್ಷ ಒಂದೇ ಮನೆಯಲ್ಲಿದ್ದವರಿಗೂ ಇದು ಗೊತ್ತಿರುವುದಿಲ್ಲ. ಬೈರಸಂದ್ರದಲ್ಲಿ ರಾಗಿ ಬೆಳೆಯುತ್ತಿದ್ದವನಿಗೆ ಗೊತ್ತಿತ್ತು.